ಗುರುಲಿಂಗಪ್ಪ ಕಾಕಾರ ಕುಂಚದಕ್ಷರ

ನನ್ನ ಕೈಬರಹ ಕೋಳಿ ಕೆದರಿದ ಹಾಗಿರುತ್ತದೆ, ಶಬ್ದಗಳೂ ಸಾಲುವುದಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಚೆಂದದ ಅಕ್ಷರ ಬರೆಯುವ ಒಬ್ಬರ ಬಗ್ಗೆ ಹೇಳಬೇಕಿದೆ.

ನಾಗನೂರಿನ ಗುರುಲಿಂಗಪ್ಪ ಕಾಕಾ ಕಬ್ಬಿನ ಟ್ರೇಲರ್‌ಗಳ ಹಿಂದೆ ಹೆಸರು ಬರೆಯುವ ಪೇಂಟರ್. ಅವರ ಅಕ್ಷರ ತುಸು ಬಲಕ್ಕೆ ವಾಲಿರುತ್ತದೆ. ಕುಂಚ ಊರಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು, ತುದಿಯಲ್ಲಿ ಬಣ್ಣ ತೀರಿ ಕೂದಲೆಳೆಯಂಥ ಗೆರೆ. ಗೋಕಾಕ–ಮೂಡಲಗಿ ರಸ್ತೆಯಲ್ಲಿ ಟ್ರೇಲರ್ ಮುಂದೆ ಹೋಗುತ್ತಿದ್ದರೆ, ಅದು ಕಾಕಾರ ಕೈ ಎಂದು ಯಾರು ಬೇಕಾದರೂ ಹೇಳುತ್ತಾರೆ.

ಹೋದ ವರ್ಷ ಅವರ ಬಲ ಭುಜ ಹಿಡಿದುಕೊಂಡಿತು. ಕೈ ಮೇಲಕ್ಕೆ ಏಳುವುದಿಲ್ಲ. ಕೂತು ಕಾಗದದ ಮೇಲೆ ಬರೆಯಬಲ್ಲರು, ಅಷ್ಟೇ. ನಾನು ಕೆಲಸ ಮಾಡುವ ಗೋಕಾಕದ ಫ್ಲೆಕ್ಸ್ ಅಂಗಡಿಯ ಲಖನ ಅಣ್ಣ, ಆ ಅಕ್ಷರಗಳನ್ನೇ ಕಂಪ್ಯೂಟರಿನ ಫಾಂಟ್ ಮಾಡೋಣ ಎಂದ. ಕಾಕಾ ಮರುದಿನವೇ ಕುಂಚ ಹಿಡಿದು ಬಂದರು.

"ನಾ ಕುಂತರೂ ನನ್ನ ಅಕ್ಷರ ಊರೂರು ತಿರಗಾಡ್ಲಿ."

ಅ, ಆ, ಇ ಎಂದು ಒಂದೊಂದಾಗಿ ಬರೆದುಕೊಟ್ಟರು. ಜೋಡಿಸಿ ನೋಡಿದರೆ ಜೀವವೇ ಇರಲಿಲ್ಲ.

"ಇವು ನನ್ನವಲ್ಲ. ಬಿಡ್ರಿ, ಆಗೂದಿಲ್ಲ," ಎಂದು ಕಾಕಾ ಕುಂಚ ತೊಳೆಯಲು ಎದ್ದರು.

ಅವರು ಟ್ರೇಲರ್ ಮೇಲೆ ಬರೆಯುವುದನ್ನು ನಾನು ನೋಡಿದ್ದೆ. ಮೊದಲು ಇಡೀ ಹೆಸರಿನ ಮೈ ಬರೆಯುತ್ತಿದ್ದರು. ಆಮೇಲೆ ಕುಂಚ ಅದ್ದಿ, ಎಲ್ಲ ತಲೆಕಟ್ಟುಗಳನ್ನೂ ಒಂದೇ ಉಸಿರಿನಲ್ಲಿ ಹಾಕುತ್ತಿದ್ದರು. ಬಿಡಿ ಅಕ್ಷರ ಬರೆದವರೇ ಅಲ್ಲ. ಹೆದರುತ್ತಲೇ ಹೇಳಿದೆ: "ಕಾಕಾರ, ಅ ಆ ಬ್ಯಾಡ್ರಿ. ಟ್ರೇಲರಿನ ಹೆಸರು ಬರೀರಿ. ಅದರಾಗಿಂದ ನಾ ಅಕ್ಷರ ಕತ್ತರಿಸ್ಕೋತೀನ್ರಿ."

"ಲಖನ, ಈಕಿಗೂ ಬಾಯಿ ಐತಲ್ಲೋ!" ಎಂದು ನಕ್ಕು ಮತ್ತೆ ಕೂತರು. ಆ ಹೆಸರುಗಳಿಂದ ತೆಗೆದ ಅಕ್ಷರಗಳು ಅವರವೇ ಆಗಿದ್ದವು.

ಮೊದಲ ಬೋರ್ಡು ಹುಕ್ಕೇರಿಯ ನಂದಾ ಅಕ್ಕನ ಖಾನಾವಳಿಯದು. ಖುಷಿಗೆ ಲಖನ ಅಣ್ಣ ಹೆಸರು, ಊಟದ ಪಟ್ಟಿ, ಫೋನ್ ನಂಬರು ಎಲ್ಲವನ್ನೂ ಕಾಕಾರ ಅಕ್ಷರದಲ್ಲೇ ಮುದ್ರಿಸಿ ನಮ್ಮ ಅಂಗಡಿ ಮುಂದೆ ತೂಗುಹಾಕಿದ. ಕಾಕಾ ರಸ್ತೆ ದಾಟಿ ನಿಂತು ನೋಡಿದರು.

"ನಂಬರ ಕುಣಿಯಾಕತ್ತೈತಿ. ಝುಣಕ ಯಾವದು, ಪಲ್ಯ ಯಾವದು ತಿಳೀವಲ್ದು. ತಗೀರಿ!"

"ನಿಮ್ಮ ಅಕ್ಷರಾನ ಅಲ್ಲೇನ್ರಿ ಕಾಕಾರ?" ಎಂದ ಲಖನ ಅಣ್ಣ.

"ನನ್ನವ ಅದಾವಂತನ ಹೇಳಾಕತ್ತೇನಿ. ನಾ ಹೆಸರಷ್ಟ ಹಿಂಗ ಬರೀತಿದ್ನಿ, ಗಾಡಿ ನಂಬರ ನೆಟ್ಟಗ. ಎಲಿ ತುಂಬ ಹೋಳಿಗಿನ ಬಡಿಸಿದರ ಅನ್ನ ಎಲ್ಲಿ ಹಾಕ್ತೀಯೋ?"

ಹೆಸರನ್ನು ಮಾತ್ರ ಕುಂಚದಲ್ಲಿ ದೊಡ್ಡದಾಗಿ ಉಳಿಸಿ, ಮಿಕ್ಕಿದ್ದನ್ನು ಸಾದಾ ಅಕ್ಷರಕ್ಕೆ ಬದಲಿಸಿದೆ.

ಸೋಮವಾರ ಕಾಕಾ, ನಾನು ಹುಕ್ಕೇರಿಗೆ ಹೋದೆವು; ಬೋರ್ಡು ಏರಿತು. ಎದುರಿಗೆ ಬಸ್ಸು ನಿಧಾನವಾದಾಗ ಕಿಟಕಿಯಲ್ಲಿದ್ದ ಹೆಂಗಸೊಬ್ಬಳು, "ನಂದಾ ಖಾನಾವಳಿ," ಎಂದು ಮಗುವಿಗೆ ಓದಿ ಹೇಳಿದಳು. ಕಾಕಾ ನನ್ನ ತಲೆ ಮೇಲೆ ಎಡಗೈಯಿಟ್ಟರು. "ಓಡೋ ಗಾಡಿಯಿಂದ ಓದಿದ್ಲು ನೋಡು ತಂಗಿ!"

ಇನ್ನೂ ಕೆಲವು ಒತ್ತಕ್ಷರಗಳು ಬಾಕಿ ಇವೆ. ನಾಳೆ ನಾಗನೂರಿಗೆ ಹೋಗಿ ಕಾಕಾರಿಂದ ಅಲ್ಲಪ್ಪ, ಸತ್ತೆವ್ವ ಎಂಬ ಹೆಸರುಗಳನ್ನು ಬರೆಸಿಕೊಂಡು ಬರುತ್ತೇನೆ.