ದ್ರಾಕ್ಷಿ ಬಿರಿದ ಬೆಳಗು

ನನ್ನ ಮಗಳು ಗಂಡನನ್ನು ಬಿಟ್ಟು ಬಂದವಳು. ಹಿರಿಯೂರಿನ ಹತ್ತಿರ ತನ್ನ ಅಣ್ಣನ, ಅಂದರೆ ನನ್ನ ಮಗನ, ಹೊಲದ ಒಂದು ಮೂಲೆ ಕೇಳಿ ವೈನಿನ ದ್ರಾಕ್ಷಿ ಹಾಕಿದಳು. ಮೊದಲ ಬೆಳೆ ಕೈಗೆ ಬರದಿದ್ದರೆ ಚಪ್ಪರದ ಕಂಬ ಕಿತ್ತು ದಾಳಿಂಬೆ ಇಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಅವನು ಹೇಳಿದ್ದನ್ನು ಮಾಡುವವನು.

ಮೊದಲ ಬೆಳೆ ಬಂದ ಸಲ ಚಳಿ ಬೀಳಲೇ ಇಲ್ಲ. ಶಿವರಾತ್ರಿ ಹೊತ್ತಿಗೆ ಮೋಡ ಬಂದು ಕೂತಿತು. ಬಿಸಿಲಿಲ್ಲದೆ ಹಣ್ಣಿಗೆ ಸಿಹಿ ಏರಲಿಲ್ಲ. ವೈನ್ ಫ್ಯಾಕ್ಟರಿಯವನು ಬಂದು ಹಣ್ಣು ಹಿಂಡಿ ನೋಡಿ, "ಇನ್ನೊಂದು ವಾರ ಬಿಡ್ರಿ" ಅಂದ. ಬಿಟ್ಟೆವು. ಆ ವಾರದಲ್ಲೇ ಒಂದು ರಾತ್ರಿ ಜೋರು ಮಳೆ ಹೊಯ್ಯಿತು.

ಬೆಳಿಗ್ಗೆ ಗಾಳಿ ಇಲ್ಲ, ಹಕ್ಕಿ ಇಲ್ಲ. ಚಪ್ಪರದ ಕೆಳಗೆ ಹೋದರೆ ಚಿಟ್, ಚಿಟ್ ಎಂದು ಸದ್ದು. ಮಗುವಿಗೆ ದೃಷ್ಟಿ ತೆಗೆದು ನೆಟಿಗೆ ಮುರಿಯುತ್ತಾರಲ್ಲ, ಹಾಗೆ. ಒಂದು ಕಡೆಯಿಂದಲ್ಲ, ಎಲ್ಲ ಸಾಲಿನಿಂದಲೂ.

"ಅವ್ವ, ಒಳಗೆ ಯಾರೋ ಅದಾರೆ," ಅಂದಳು ಮಗಳು.

"ಇದ್ರೆ ಇರ್ಲಿ ಬಾರೇ, ಕೊಯ್ಯಾಕೆ ಕೂಲಿಯೋರು ಸಿಕ್ದಂಗಾತು."

ನನ್ನ ಕತ್ತಿನ ಮೇಲೆ ಏನೋ ತಣ್ಣಗೆ ಬಿತ್ತು. ಒರೆಸಿಕೊಂಡರೆ ಅಂಗೈ ಕೆಂಪು. ತಲೆ ಎತ್ತಿದೆ. ನೀರು ಕುಡಿದು ಉಬ್ಬಿದ ಹಣ್ಣುಗಳು ನಮ್ಮ ಕಣ್ಣೆದುರೇ ಸಿಪ್ಪೆ ಬಿರಿಯುತ್ತಿದ್ದವು.

ಮಧ್ಯಾಹ್ನದೊಳಗೆ ಕಣಜದ ಹುಳಗಳು ಮುತ್ತಿದವು. ಗಟ್ಟಿ ಉಳಿದದ್ದನ್ನು ಆರಿಸಿ ಕೊಯ್ದೆವು. ಫ್ಯಾಕ್ಟರಿಯ ಗಾಡಿ ಬರುವಷ್ಟರಲ್ಲಿ ಕ್ರೇಟಿನಲ್ಲಿದ್ದವೂ ಬಿರಿದಿದ್ದವು. ಗಾಡಿ ಖಾಲಿಯೇ ಹಿಂದಕ್ಕೆ ಹೋಯಿತು. ಮಗಳು ಅಳಲಿಲ್ಲ. ಅತ್ತಿದ್ದರೆ ಬೈಯುತ್ತಿದ್ದೆ. ಹಣ್ಣನ್ನೆಲ್ಲ ಹೊತ್ತು ಹೊಲದ ತುದಿಯ ಗುಂಡಿಗೆ ಸುರಿದೆವು.

ಕೆಲವು ದಿನಕ್ಕೆ ಮಗ ಕಂಬ ಕೀಳಲು ಹಾರೆ ಹಿಡಿದು ಬಂದ. ಗುಂಡಿಯಿಂದ ಹುಳಿ ಹೆಂಡದ ವಾಸನೆ, ಜ್ವರದ ಮೈಯಂಥ ಬಿಸಿ. ಮೇಲೆ ಕಟ್ಟಿದ ಸಿಪ್ಪೆಯ ಪದರ ಏಳುತ್ತಿತ್ತು, ಇಳಿಯುತ್ತಿತ್ತು, ಮಲಗಿದವರ ಎದೆಯ ಹಾಗೆ. ಅವನು ಹಿಂದೆ ಸರಿದ.

"ಇದ್ರಾಗೆ ಏನೈತವ್ವ?"

"ನಿನ್ ತಂಗಿ ಬೆಳೆ."

"ಉಸಿರಾಡ್ದಂಗೆ ಕಾಣ್ತೈತೆ."

"ಮುಟ್ಟಿ ನೋಡು ಬಾ."

ಮುಟ್ಟಲಿಲ್ಲ. ಮಗಳು ಸಲಿಕೆ ತಂದು ಮಣ್ಣು ಎಳೆದಳು. ಮಣ್ಣು ಕುಸಿಯಿತು, ಮತ್ತೆ ಉಬ್ಬಿತು. ಮತ್ತೆ ಎಳೆದಳು.

ಅವತ್ತು ಅವನು ಕಂಬಕ್ಕೆ ಕೈ ಹಚ್ಚದೆ ಹೋದ. ಗುಂಡಿ ತಣ್ಣಗಾದ ಮೇಲೆ ಬಂದು ಎಲ್ಲ ಕಿತ್ತ. ದಾಳಿಂಬೆ ಇಟ್ಟ. ಗುಂಡಿಯ ಜಾಗದಲ್ಲಿ ಮಾತ್ರ ಇಟ್ಟಿಲ್ಲ. ಯಾಕೆಂದು ನಾನೂ ಕೇಳಿಲ್ಲ.