ಪೈಲ್ವಾನ್ ಮಾಲತೇಶಪ್ಪ ಬಿಡಿಸಿದ ದಾರಿ

ಲೋಕಿಕೆರೆಯಿಂದ ದಾವಣಗೆರೆಗೆ ಬಂದು ಹತ್ತಿ ಗಿರಣಿಯ ಕೆಲಸಕ್ಕೆ ಸೇರಿದ ಮಾಲತೇಶಪ್ಪನಿಗೆ ಹೆಸರು ಬಂದದ್ದು ಕುಸ್ತಿಯಿಂದ. ಹರಿಹರದ ಅಖಾಡದಲ್ಲಿ ಅವನು ಗೆದ್ದ ದಿನ ಜನ ಹೆಗಲ ಮೇಲೆ ಹೊತ್ತು ಮೆರೆಸಿದ್ದರು. ಆದರೆ ಮಂಡಿಪೇಟೆಯ ಹಳಬರು ಅವನನ್ನು ನೆನೆಯುವುದು ಬೇರೆಯದೇ ಕೆಲಸಕ್ಕೆ.

೧೯೫೮ರ ಬೇಸಿಗೆ. ಅವನ ತಾಯಿ ಕಾಳವ್ವನಿಗೆ ಕಣ್ಣು ಮಂಜಾಗಿತ್ತು. ಆದರೂ ಪೇಟೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಮಂಡಿಪೇಟೆಯಲ್ಲಿ ಶಬ್ಬೀರ್ ಎಂಬವನ ಜಟಕಾ ಗಾಡಿಯ ಗಾಲಿ ಅವಳ ಪಾದದ ಮೇಲೆ ಹರಿಯಿತು. ಸುದ್ದಿ ತಿಳಿದು ಗಿರಣಿಯಿಂದ ಓಡಿಬಂದ ಮಗನ ಮುಖ ನೋಡಿ ಜನ ಹಿಂದೆ ಸರಿದರು. ಶಬ್ಬೀರ್ ಮಾತ್ರ ತನ್ನ ರುಮಾಲು ಹರಿದು ಮುದುಕಿಯ ಕಾಲಿಗೆ ಕಟ್ಟುತ್ತಿದ್ದ.

“ಹೊಡೀರಿ ಪೈಲ್ವಾನ್ರೇ, ತಪ್ಪು ನಂದೇ ಐತೆ. ಆದ್ರ ಅವ್ವಾರು ನಡು ರಸ್ತೀಗೆ ಯಾಕ ಬಂದ್ರು, ಅದನ್ನೊಂದಿಷ್ಟು ನೋಡ್ರಿ.”

ಮಾಲತೇಶಪ್ಪ ನೋಡಿದ. ಚರಂಡಿಯ ಚಪ್ಪಡಿ ಕಲ್ಲುಗಳ ಮೇಲೆಲ್ಲ ಮೆಣಸಿನಕಾಯಿ ಚೀಲಗಳು. ನಡೆಯುವವರಿಗೆ ಉಳಿದದ್ದು ಲಾರಿ, ಎತ್ತಿನ ಗಾಡಿಗಳ ನಡುವಿನ ಸಂದಿಯಷ್ಟೇ. ಎತ್ತಿದ ಕೈ ಇಳಿಯಿತು. ಅದೇ ಜಟಕಾದಲ್ಲಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದ.

ಮರುದಿನ ಆ ಚೀಲಗಳ ಒಡೆಯ, ಮಂಡಿ ವರ್ತಕ ವಾಮದೇವಪ್ಪನ ಮುಂದೆ ಕೈಮುಗಿದು ನಿಂತ. “ಸಾವ್ಕಾರ್ರೇ, ಚೀಲ ಒಳಗ ಇಡಿಸ್ರಿ. ಮಂದಿ ಕಾಲಿಡಾಕ ಜಾಗಿಲ್ಲ.”

“ಒಳಗ ಇಡೋರು ಯಾರೋ? ನೀನೇ ಬಂದು ಇಡ್ತೀಯೇನು?” ವಾಮದೇವಪ್ಪ ನಕ್ಕ.

“ಇಡ್ತೀನಿ ಬಿಡ್ರಿ.”

ಮಾರನೆಯ ಬೆಳಿಗ್ಗೆ ಗರಡಿಮನೆಗೆ ಹೋಗುವ ಬದಲು ಅವನು ಮಂಡಿಪೇಟೆಗೆ ಬಂದ. ಬದಿಯಲ್ಲಿದ್ದ ಚೀಲಗಳನ್ನು ಬೆನ್ನ ಮೇಲೆ ಹೊತ್ತು, ಅಂಗಡಿಯೊಳಗೆ ಸೂರು ಮುಟ್ಟುವಂತೆ ಅಚ್ಚುಕಟ್ಟಾಗಿ ಒಟ್ಟಿ, ಗಿರಣಿಗೆ ನಡೆದ. ಸಂಜೆಗೆ ಹೊಸ ಚೀಲಗಳು ಬದಿಗೆ ಬಿದ್ದವು. ಬೆಳಿಗ್ಗೆ ಅವನು ಮತ್ತೆ ಬಂದ. ಹೀಗೇ ವಾರಗಟ್ಟಲೆ ನಡೆಯಿತು. ಖಾರದ ಧೂಳಿಗೆ ಕಣ್ಣು ಕೆಂಡವಾದರೂ ಒಂದು ಕೆಟ್ಟ ಮಾತಾಡಲಿಲ್ಲ. ರೋಸಿಹೋದ ವಾಮದೇವಪ್ಪ ಪೊಲೀಸರನ್ನು ಕರೆಸಿದ.

“ಏನಂತ ಕೇಸ್ ಬರೀಲಿ ಸಾವ್ಕಾರ್ರೇ? ನಿಮ್ಮ ಮಾಲು ನಿಮ್ಮ ಅಂಗಡಿಗೇ ಹಾಕ್ಯಾನ,” ಎಂದ ಪೇದೆ. ಬೀದಿಯೆಲ್ಲ ನಕ್ಕಿತು.

ಆ ನಗು ಅಡಗುವ ಮೊದಲೇ ಹಮಾಲರ ಹಿರಿಯ ದುರುಗಣ್ಣ ಮುಂದೆ ಬಂದ. “ಹೊರೆ ಹೊತ್ಕೊಂಡು ನಾವೂ ಇದೇ ಬೀದ್ಯಾಗ ನಡೀತೀವಿ. ಇನ್ಮ್ಯಾಲೆ ಬದೀಗೆ ಚೀಲ ಇಳಿಸಾಕಿಲ್ಲ.” ಬೇರೆ ಹಮಾಲರೂ ಹೂಂಗುಟ್ಟಿದರು. ಹಮಾಲರಿಲ್ಲದೆ ಮಂಡಿ ನಡೆಯುವುದುಂಟೇ? ವಾಮದೇವಪ್ಪ ಸೋತ, ಅಕ್ಕಪಕ್ಕದ ಅಂಗಡಿಯವರೂ ತಾವಾಗಿ ಬದಿ ತೆರವು ಮಾಡಿದರು. ಮುಂದೆ ಮುನಿಸಿಪಾಲಿಟಿಯವರು ಬಂದು ಒಡೆದ ಚಪ್ಪಡಿಗಳನ್ನು ಬದಲಿಸಿದರು.

ಗರಡಿಯ ತಾಲೀಮು ತಪ್ಪಿದ್ದಕ್ಕೆ ಆ ವರ್ಷ ಹರಿಹರದಲ್ಲಿ ಮಾಲತೇಶಪ್ಪ ಸೋತ. ಅಭಿಮಾನಿಗಳು ಮರುಗಿದರು. ಅವನು ಮಣ್ಣು ಕೊಡವಿಕೊಂಡು ಗೆದ್ದವನ ಬೆನ್ನು ತಟ್ಟಿ ಬಂದ.

ಕಾಲು ವಾಸಿಯಾದ ಮೇಲೆ ಕಾಳವ್ವ ಕೋಲೂರಿಕೊಂಡು ಚಪ್ಪಡಿಯ ಮೇಲೆ ನಡೆದು ಪೇಟೆಗೆ ಹೊರಟಳು. ಮಗ ಸದ್ದಿಲ್ಲದೆ ಹಿಂಬಾಲಿಸಿದ. ಹೆಜ್ಜೆ ಸಪ್ಪಳದಿಂದಲೇ ಅವಳಿಗೆ ಗೊತ್ತಾಯಿತು.

“ಬೆನ್ನು ಹತ್ತಿ ಬರಬ್ಯಾಡೋ ಮಾಲ್ತೇಶಿ. ಕೊತ್ತಂಬರಿ ತಗೊಂಡು ಬರಾಕ ನಂಗೆ ಪೈಲ್ವಾನ್ ಯಾಕ? ಗಿರಣಿಗೆ ನಡಿ.”