ಸೊಲ್ಲಾಪುರದಲ್ಲಿ ಓದಿದ ವಿಜ್ಞಾನ

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮಾಸ್ತರರು ಒಂದು ದಿನ ಆಡಿನ ಹೃದಯವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ತರಗತಿಗೆ ಬಂದರು. ಮೇಜಿನ ಮೇಲೆ ಬಿಚ್ಚಿಟ್ಟು, "ಯಾರು ಮುಂದ ಬರ್ತೀರಿ?" ಎಂದು ಕೇಳಿದರು. ಹುಡುಗರು ಮೂಗು ಮುಚ್ಚಿಕೊಂಡರು. ನಾನು ಎದ್ದು ಹೋದೆ. ದಪ್ಪ ರಕ್ತನಾಳದೊಳಗೆ ಬೆರಳು ತೂರಿಸಿದಾಗ ಒಳಗಿದ್ದ ಕವಾಟ ತಣ್ಣಗೆ ತಾಗಿತು. ಪುಸ್ತಕದ ಚಿತ್ರದಲ್ಲಿ ಅದು ಬರೀ ಒಂದು ಗೆರೆಯಾಗಿತ್ತು.

ಸಂಜೆ ಮನೆಗೆ ಬಂದು ಹೇಳಿದ್ದೇ ತಡ, ಅವ್ವ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ನಾವು ಲಿಂಗವಂತರು. ಮಾಂಸ ಮುಟ್ಟಿದ ಕೈಯಲ್ಲಿ ಕೊರಳಿನ ಲಿಂಗ ಮುಟ್ಟುವುದು ಹೇಗೆ? ಹಿತ್ತಲಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತ, "ಆ ಮಾಸ್ತರಗ ಬುದ್ಧಿ ಇಲ್ಲೇನು? ಹೆಣ್ಣ ಹುಡುಗಿ ಕೈಯಾಗ ಏನ್ ಕೊಡಬೇಕು ಅನ್ನೂದ ತಿಳಿಯಂಗಿಲ್ಲ" ಎಂದು ಬಯ್ದಳು. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ನಕ್ಕ. "ಬಿಡು, ಡಾಕ್ಟರ್ ಆಗಾಕಿ ಅದಾಳ" ಎಂದ. ಅವನು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ತಮಾಷೆಯಾಗಿ ಕೇಳಲಿಲ್ಲ.

ನಮ್ಮೂರು ಸರಸಂಬಾ. ಅದು ಎಂಬತ್ತರ ದಶಕದ ಮಾತು. ಆಳಂದದ ಹೈಸ್ಕೂಲಿಗೆ ನಾನು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಹಾರಾಷ್ಟ್ರದ ಗಡಿ ನಮಗೆ ದೂರವಿರಲಿಲ್ಲ, ಅದೊಂದು ಗಡಿ ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲೂ ಇಲ್ಲ. ಮದುವೆಯ ಜವಳಿಗೆ ಸೊಲ್ಲಾಪುರ, ಕಣ್ಣಿನ ಆಪರೇಶನ್ನಿಗೆ ಸೊಲ್ಲಾಪುರ. ನನ್ನ ಸೋದರಮಾವ ಅಲ್ಲಿಯೇ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಪ್ಪನಿಗೆ ಗುಲಬರ್ಗಾಕ್ಕಿಂತ ಸೊಲ್ಲಾಪುರದ ಓಣಿಗಳೇ ಹೆಚ್ಚು ಗೊತ್ತಿದ್ದವು.

ಎಸ್ಸೆಸ್ಸೆಲ್ಸಿಯ ಫಲಿತಾಂಶ ಬಂದ ಮೇಲೆ ಮಾಸ್ತರರು ಮನೆಗೇ ಬಂದರು. ಚಹಾ ಮುಟ್ಟದೆ ಅಪ್ಪನಿಗೆ ಹೇಳಿದರು: "ಈಕಿಗಿ ಸೈನ್ಸೇ ಕೊಡಸ್ರಿ. ಇಂಥಾ ಹುಡುಗಿ ಆರ್ಟ್ಸಿಗಿ ಹೋದ್ರ ನನಗ ನಿದ್ದಿ ಬರಂಗಿಲ್ಲ."

"ಎಲ್ಲಿ ಕೊಡಸ್ಲಿ ಸರ್? ಗುಲಬರ್ಗಾದಾಗ ನಮ್ಮವರು ಅನ್ನೋರು ಯಾರೂ ಇಲ್ಲ. ಹಾಸ್ಟೆಲ್‌ದಾಗ ಹುಡುಗೀನ ಇಡೂದು ನನ್ನ ಕೈಲೆ ಆಗೂದಿಲ್ರಿ."

ಒಳಗಿನಿಂದ ಅವ್ವ ಹೇಳಿದಳು: "ಸೊಲ್ಲಾಪುರದಾಗ ನಮ್ಮಣ್ಣನ ಮನಿ ಇಲ್ಲೇನು?"

ಮಾಸ್ತರರ ಮುಖ ಅರಳಿತು. "ಅದಂತೂ ಇನ್ನೂ ಚಲೋ ಆತು ನೋಡ್ರಿ! ಅಲ್ಲಿ ಲ್ಯಾಬು, ಲೈಬ್ರರಿ ಎಲ್ಲಾ ಜಬರ್ದಸ್ತ್ ಅವ. ಕಳಸ್ರಿ, ಕಣ್ಣ ಮುಚ್ಚಿ ಕಳಸ್ರಿ."

ಅಪ್ಪ ನನ್ನ ಕಡೆ ತಿರುಗಿ, "ಏನವ್ವಾ, ಹೋಗ್ತೀಯೇನು?" ಎಂದ. ಅವನ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ. ಅಷ್ಟೇ. ನನ್ನ ಬದುಕಿನ ದೊಡ್ಡ ನಿರ್ಧಾರ ಒಂದು ಕಪ್ ಚಹಾ ಆರುವಷ್ಟರಲ್ಲಿ ಆಗಿಹೋಯಿತು. ಅಲ್ಲಿದ್ದ ಯಾರಿಗೂ ನನಗೆ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ.

ಮಾವನ ಮನೆಯೆಂದರೆ ಗಿರಣಿ ಕೆಲಸಗಾರರ ಸಾಲುಮನೆಗಳ ಚಾಳಿನಲ್ಲಿ ಎರಡು ಕೋಣೆ. ಅತ್ತೆ ಮರಾಠಿಯವಳು, ನನ್ನನ್ನು ಮಗಳಂತೆಯೇ ನೋಡಿಕೊಂಡಳು. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ನನ್ನ ತಲೆ ಮಾತ್ರ ಕನ್ನಡದಲ್ಲಿ. ಮೊದಲ ಕೆಲವು ತಿಂಗಳು ಪ್ರಾಧ್ಯಾಪಕರು ನಕ್ಕಾಗ ಏಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಹಿಂದಿನ ಬೆಂಚಿನ ಹುಡುಗಿಯರು ನನ್ನ ಉಚ್ಚಾರವನ್ನು ಅಣಕಿಸುತ್ತಿದ್ದರು. ಅಳುತ್ತಲೇ ಓದಿದೆ. ಗಿರಣಿಯ ಭೋಂಗಾ ಕೂಗಿದಾಗ ಏಳುವುದು, ಮಾವ ಪಾಳಿಗೆ ಹೋದ ಮೇಲೆ ಖಾಲಿಯಾದ ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಳ್ಳುವುದು. ಎರಡನೆಯ ವರ್ಷದ ಹೊತ್ತಿಗೆ ಮರಾಠಿಯಲ್ಲಿ ಜಗಳವಾಡುವಷ್ಟಾಗಿದ್ದೆ. ಪರೀಕ್ಷೆಯಲ್ಲಿ ನಾನು ಬಯಸಿದ್ದಕ್ಕಿಂತಲೂ ಹೆಚ್ಚು ಅಂಕ ಬಂದವು. ಮಾಸ್ತರರು ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಪೇಢೆ ಹಂಚಿದರಂತೆ.

ಮೆಡಿಕಲ್ ಸೀಟಿನ ಅರ್ಜಿಗೆಂದು ಅಪ್ಪ ನನ್ನನ್ನು ಗುಲಬರ್ಗಾಕ್ಕೆ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದ. ಕಚೇರಿಯಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಕುಳ್ಳಿರಿಸಿ ನೀರು ಕೊಟ್ಟು ಕೇಳಿದರು: "ಪಿಯುಸಿ ಎಲ್ಲಿ ಮಾಡ್ಯಾಳ್ರಿ?"

"ಸೊಲ್ಲಾಪುರದಾಗ್ರಿ" ಎಂದ ಅಪ್ಪ, ಹೆಮ್ಮೆಯಿಂದಲೇ.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಹಂಗಿದ್ರ ಬರಂಗಿಲ್ರಿ ಯಜಮಾನ್ರ. ಪಿಯುಸಿ ನಮ್ಮ ರಾಜ್ಯದಾಗೇ ಆಗಿರಬೇಕು. ಈಗ ಈಕಿ ಹೊರಗಿನಾಕಿ ಆಗ್ತಾಳ."

"ಹೊರಗಿನಾಕಿ ಹೆಂಗ್ರಿ? ಸರಸಂಬಾದಾಗೇ ಹುಟ್ಯಾಳ. ನಮ್ಮ ಹೊಲ ಅಲ್ಲೇ ಅದರಿ, ಮನಿ ಅಲ್ಲೇ ಅದರಿ. ನಾ ಓಟ್ ಹಾಕೂದ ಅಲ್ಲೇರಿ."

"ಅದೆಲ್ಲಾ ಖರೇ ಅದರಿ. ನಾ ಏನ್ ಮಾಡ್ಲಿ?"

ಅಪ್ಪ ಎದ್ದು ಕೈ ಮುಗಿದ. ಗುಮಾಸ್ತರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅಪ್ಪ ಯಾರಿಗೂ ಹಾಗೆ ಕೈ ಮುಗಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಾಗಾದರೆ ಮಹಾರಾಷ್ಟ್ರದಲ್ಲಿ ಸೀಟು ಸಿಗಬೇಕಲ್ಲ ಎಂದು ಮರುದಿನವೇ ಸೊಲ್ಲಾಪುರದ ಬಸ್ಸು ಹತ್ತಿದೆವು. ಮಾವ ರಜೆ ಹಾಕಿ ಜೊತೆಗೆ ಬಂದ. ಅಲ್ಲಿನ ಕಿಟಕಿಯಲ್ಲಿ ಕುಳಿತಿದ್ದ ಹೆಂಗಸು ಮರಾಠಿಯಲ್ಲಿ, ಹತ್ತನೆಯ ತರಗತಿ ಎಲ್ಲಾಯಿತು ಎಂದು ಕೇಳಿದಳು. ಆಳಂದ ಎಂದೆ. "ಮಗ ತುಮ್ಹಿ ಕರ್ನಾಟಕಾಚೆ" ಎಂದಳು. ಹಾಗಾದರೆ ನೀವು ಕರ್ನಾಟಕದವರು ಎಂದು. ಹತ್ತನೆಯ ತರಗತಿಯೂ ಮಹಾರಾಷ್ಟ್ರದಲ್ಲೇ ಆಗದಿದ್ದರೆ ಸೀಟಿಲ್ಲವಂತೆ. ಮರಾಠಿ ಸರಿಯಾಗಿ ಬಾರದ ಅಪ್ಪನಿಗೆ ಅದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಅವನು ಎರಡು ಸಲ ಕೇಳಿದ. ಎರಡು ಸಲವೂ ಹೇಳಿದೆ.

ಊರಿಗೆ ಮರಳುವಾಗ ಅಕ್ಕಲಕೋಟ ದಾಟಿದ ಮೇಲೆ ಅಪ್ಪ ಒಂದೇ ಮಾತಾಡಿದ: "ಹಾಸ್ಟೆಲ್‌ದಾಗ ಇಟ್ಟಿದ್ರ ಆಗ್ತಿತ್ತು."

ಸುದ್ದಿ ತಿಳಿದು ಮಾಸ್ತರರು ಬಂದರು. ಕಟ್ಟೆಯ ಮೇಲೆ ಕುಳಿತರು. "ನನಗ ಗೊತ್ತಿರಲಿಲ್ಲವ್ವಾ" ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತೇನೋ. ಆಮೇಲೆ ಅವರು ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟರು. ಅವ್ವ ತನ್ನ ಅಣ್ಣನೊಂದಿಗೆ ಮಾತು ಬಿಟ್ಟಳು. ಅವನದೇನು ತಪ್ಪಿತ್ತು? ಯಾರ ಮೇಲಾದರೂ ಹಾಕಬೇಕಲ್ಲ, ಅವನ ಮೇಲೆ ಹಾಕಿದಳು. ಆ ಸಲದ ನಾಗರಪಂಚಮಿಗೆ ಅವಳು ತವರಿಗೆ ಹೋಗಲಿಲ್ಲ, ಅದರ ಮುಂದಿನ ಸಲವೂ ಇಲ್ಲ.

ಬಿ.ಎಸ್‌ಸಿ. ಓದಬಹುದಿತ್ತು. ಅದಕ್ಕೆ ಮತ್ತೆ ಗುಲಬರ್ಗಾ, ಮತ್ತೆ ಅದೇ ಹಾಸ್ಟೆಲಿನ ಮಾತು. ಅಪ್ಪ ಈಗ ಒಪ್ಪುತ್ತಿದ್ದ. ಬೇಡವೆಂದವಳು ನಾನೇ. ಮತ್ತೊಂದು ಕಿಟಕಿಯ ಮುಂದೆ ನಿಂತು ನಾನು ಎಲ್ಲಿಯವಳು ಎಂದು ಹೇಳುವ ಶಕ್ತಿ ಉಳಿದಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು, ಆಮೇಲೆ ದಿನಾ ಹೋಗಿಬರುವಷ್ಟು ಹತ್ತಿರದ ಕಾಲೇಜಿನಲ್ಲಿ ಬಿ.ಎ. ಸೇರಿದೆ. ಮೊದಲ ದಿನ ಇತಿಹಾಸದ ಪ್ರಾಧ್ಯಾಪಕರು ಈ ವಿಷಯವನ್ನು ಏಕೆ ಆರಿಸಿಕೊಂಡಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ನನ್ನ ಸರದಿ ಬಂತು. ಎದ್ದು ನಿಂತೆ. ಪಕ್ಕದ ಹುಡುಗಿ, "ಈಕಿಗಿ ಸಂಜಿ ಬಸ್ ಸಿಗ್ತದಂತ್ರಿ ಸರ್" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಓದುತ್ತ ಓದುತ್ತ ಅದೇ ಇಷ್ಟವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಕಾದೆ. ಪದವಿ ಮುಗಿಯಿತು, ಬಿ.ಎಡ್. ಮುಗಿಯಿತು, ಅಫಜಲಪುರಕ್ಕೆ ಮದುವೆಯಾಗಿ ಹೋದೆ, ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಲು ಸೇರಿದೆ. ಇಷ್ಟವಾಗಲಿಲ್ಲ. ಕೆಟ್ಟದಾಗಿ ಕಲಿಸಿದೆ ಎಂದಲ್ಲ, ಮಕ್ಕಳು ಪಾಸಾದರು. ಪಾಠ ಮುಗಿಸಿ ಹೊರಗೆ ಬಂದರೆ ಹೇಳಿದ್ದು ಯಾವುದೂ ನನ್ನೊಳಗೆ ಉಳಿಯುತ್ತಿರಲಿಲ್ಲ.

ನೌಕರಿಗೆ ಸೇರಿದ ಎರಡನೆಯ ವರ್ಷ, ಫಲಿತಾಂಶ ಬಂದ ವಾರ, ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಹುಡುಗಿ ಚುರುಕು, ನನಗೆ ಗೊತ್ತಿತ್ತು. "ಈಕಿಗಿ ಮುಂದ ಏನ್ ಕೊಡಸ್ಲಿ, ಎಲ್ಲಿ ಕಳಸ್ಲಿ, ನೀವ ಹೇಳ್ರಿ ಅಕ್ಕಾರ. ನಮಗೇನ್ ತಿಳೀತದ?" ಎಂದಳು.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ನನಗೂ ಗೊತ್ತಿಲ್ರಿ, ಬ್ಯಾರೇ ಯಾರಿಗರ ಕೇಳ್ರಿ" ಎಂದು ಹೇಳಿ ಒಳಗೆ ಹೋಗಿಬಿಟ್ಟೆ. ಎಂಥ ಸೊಕ್ಕಿನಾಕಿ ಎಂದು ಆ ತಾಯಿ ಹೊರಗೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.